ಮನೆ ಮುಂದೆ ಮರ ಯಕ್ಕಾ: ಎಲಾಟಾ ನೆಡಲೋ, ರೋಸ್ಟ್ರಾಟಾ ನೆಡಲೋ?

ಹೊಸಮನೆ (ಚಾಂಡ್ಲರ್, ಅರಿಜೋನಾ)

ಮನೆ ಮುಂದಿನ ಹುಲ್ಲುಹಾಸು ಕಿತ್ತು ಜಲ್ಲಿ ಹರಡಿಯಾಯಿತು. ಹುಲ್ಲು ತೆಗೆದವರಿಗೆ ನಗರಸಭೆ ಕೊಡುವ ಸಹಾಯಧನಕ್ಕೂ ಅರ್ಜಿ ಹೋಗಿದೆ. ಈಗ ಆ ಜಲ್ಲಿಯ ನಡುವೆ ಎದ್ದು ಕಾಣುವ ಒಂದು ಗಿಡ ಬೇಕು, ಒಂದೇ ಒಂದು. ತಾಳೆ ಜಾತಿಯದು ಬೇಡವೆಂದು ಮನೆಯವರು ಪಟ್ಟು ಹಿಡಿದಿದ್ದಾರೆ. ಸಗ್ವಾರೊ ಕಳ್ಳಿ ಬೇಡವೆಂಬುದು ನನ್ನ ಪಟ್ಟು. 2023ರ ಬೇಸಗೆಯಲ್ಲಿ ಪಕ್ಕದ ಬೀದಿಯ ಸಗ್ವಾರೊ ತೋಳು ಕಳಚಿಕೊಂಡು ಬಿದ್ದದ್ದನ್ನು ನೋಡಿದ ಮೇಲೆ ಆ ಆಸೆ ಹೋಯಿತು. ಇಬ್ಬರೂ ಒಪ್ಪಿದ್ದು ಕತ್ತಾಳೆಯ ನಂಟಿನ, ಮರದಂತೆ ಕಾಂಡ ಎತ್ತುವ ಯಕ್ಕಾ.

ನರ್ಸರಿಯೊಂದರಲ್ಲಿ ಎರಡು ಕಂಡವು. ಒಂದು ಯಕ್ಕಾ ಎಲಾಟಾ: ಎಂಟಡಿ ಎತ್ತರ, ಬಯಲಿನಿಂದ ಅಗೆದು ತಂದದ್ದು, ಬುಡದಲ್ಲಿ ಮಣ್ಣಿಲ್ಲ, ಎಲೆಗಳನ್ನೆಲ್ಲ ಮೇಲಕ್ಕೆತ್ತಿ ಹಗ್ಗದಿಂದ ಬಿಗಿದಿದ್ದರು. ಇನ್ನೊಂದು ಯಕ್ಕಾ ರೋಸ್ಟ್ರಾಟಾ: ಮರದ ಪೆಟ್ಟಿಗೆಯಲ್ಲೇ ಬೆಳೆಸಿದ್ದು, ಕಾಂಡ ನನ್ನ ಸೊಂಟದ ಮಟ್ಟ, ಬೆಲೆ ಎಲಾಟಾದ ಎರಡರಷ್ಟು. ಎಲಾಟಾ ಈ ನೆಲದ್ದೇ ಗಿಡ, ನೆಟ್ಟು ಮರೆತುಬಿಡಿ ಎಂದರು ಅಂಗಡಿಯವರು. ಉದ್ದನೆಯದು ಅಗ್ಗ, ಗಿಡ್ಡನೆಯದು ದುಬಾರಿ ಎಂಬ ಈ ಲೆಕ್ಕ ನನಗೆ ತಿಳಿಯಲಿಲ್ಲ. ಬಲ್ಲವರು ಹೇಳಿ. ಮನೆಯಲ್ಲಿ ಚಿಕ್ಕ ಮಗುವಿದೆ, ನಾಯಿಯೂ ಇದೆ. ಎಲೆಯ ತುದಿಯಿಂದ ಎಷ್ಟು ಅಪಾಯ?

ಟೂಸಾನ್ ಕಳ್ಳಿ (ಟೂಸಾನ್, ಅರಿಜೋನಾ)

ಅಗೆದು ತಂದ ದೊಡ್ಡ ಎಲಾಟಾ ಉಳಿಯುವುದು ಅಪರೂಪ. ಆದ್ದರಿಂದಲೇ ಅಗ್ಗ. ಇಷ್ಟೇ ಲೆಕ್ಕ.

ಎಲಾಟಾದ ಬುಡದಲ್ಲಿ ನೆಲದೊಳಗೂ ಒಂದು ದಪ್ಪ ಕಾಂಡ ಇಳಿದಿರುತ್ತದೆ, ನೀರು ಹುಡುಕುವ ಬೇರುಗಳು ಅದಕ್ಕೂ ಕೆಳಗೆ. ಅಗೆಯುವವರು ಯಂತ್ರದಿಂದ ಎರಡಡಿ ಆಳಕ್ಕೆ ಕತ್ತರಿಸಿ ಎತ್ತಿಬಿಡುತ್ತಾರೆ. ಆಮೇಲೆ ಆಗುವುದು ನೋಡಿ: ಗಿಡ ಕೂಡಲೇ ಒಣಗುವುದಿಲ್ಲ. ಕಾಂಡದಲ್ಲಿ ಕೂಡಿಟ್ಟುಕೊಂಡ ನೀರು ಮತ್ತು ಪಿಷ್ಟವನ್ನು ತಿಂದುಕೊಂಡು ಒಂದು ವರ್ಷ ಹಸಿರಾಗಿಯೇ ನಿಲ್ಲುತ್ತದೆ. ಕೆಲವು ಹೂವನ್ನೂ ಬಿಡುತ್ತವೆ. ಬೇರೂರಿತು ಎಂದು ಮನೆಯವರು ಸಂಭ್ರಮಿಸುತ್ತಾರೆ, ನರ್ಸರಿಯ ಖಾತರಿಯ ಅವಧಿ ಮುಗಿಯುತ್ತದೆ, ಎರಡನೆಯ ಬೇಸಗೆಯಲ್ಲಿ ಗಿಡ ಬುಡಸಮೇತ ವಾಲುತ್ತದೆ. ನಮ್ಮ ಬಡಾವಣೆಯ ದ್ವಾರದಲ್ಲಿ ಸಾಲಾಗಿ ನೆಟ್ಟಿದ್ದರು. ಈಗ ಅಲ್ಲಿ ಪ್ಲಾಸ್ಟಿಕ್ ಹೂಕುಂಡಗಳಿವೆ.

ಇನ್ನೊಂದು ವಿಷಯ. ಅರಿಜೋನಾದಲ್ಲಿ ಎಲಾಟಾ ಸಂರಕ್ಷಿತ ಸ್ಥಳೀಯ ಸಸ್ಯ. ಜಮೀನಿನ ಒಡೆಯರ ಒಪ್ಪಿಗೆ, ರಾಜ್ಯ ಕೃಷಿ ಇಲಾಖೆಯ ಪರವಾನಗಿ, ಗಿಡಕ್ಕೆ ಕಟ್ಟಿದ ಇಲಾಖೆಯ ಟ್ಯಾಗ್ ಇವಿಲ್ಲದೆ ಅಗೆದು ಸಾಗಿಸುವಂತಿಲ್ಲ. ನೀವು ನೋಡಿದ ಗಿಡಕ್ಕೆ ಟ್ಯಾಗ್ ಇತ್ತೇ?

ಹೊಸಮನೆ

ಹಗ್ಗ ಇತ್ತು. ಟ್ಯಾಗ್ ನೋಡಿದ ನೆನಪಿಲ್ಲ.

ನೀಲಿ ಎಲೆ (ಸ್ಕಾಟ್ಸ್‌ಡೇಲ್, ಅರಿಜೋನಾ)

ಹಾಗಾದರೆ ಮಾತೇ ಬೇಡ. ರೋಸ್ಟ್ರಾಟಾ ತೆಗೆದುಕೊಳ್ಳಿ.

ಇದರ ತವರು ಟೆಕ್ಸಾಸಿನ ಪಶ್ಚಿಮ ಭಾಗದ ಬಿಗ್ ಬೆಂಡ್ ಸುತ್ತಮುತ್ತ, ಗಡಿಯಾಚೆ ಮೆಕ್ಸಿಕೋದ ಕೊವಾವಿಲಾ ಮತ್ತು ಚಿವಾವಾ. ಸುಣ್ಣಕಲ್ಲಿನ ಗುಡ್ಡಗಳಲ್ಲಿ, ಕಣಿವೆಗಳ ಅಂಚಿನಲ್ಲಿ ಬೆಳೆಯುತ್ತದೆ. ಬೇರುಗಳು ಎಲಾಟಾದಂತಲ್ಲ, ಬುಡದ ಸುತ್ತ ತೆಳ್ಳಗೆ, ದಟ್ಟವಾಗಿ ಹಬ್ಬುತ್ತವೆ. ಆದ್ದರಿಂದಲೇ ಪೆಟ್ಟಿಗೆಯಲ್ಲಿ ಬೆಳೆಸಬಹುದು, ಎತ್ತಿ ನೆಟ್ಟರೂ ಸಹಿಸಿಕೊಳ್ಳುತ್ತದೆ. ಬೆಲೆ ಏಕೆ ಹೆಚ್ಚೆಂದರೆ, ಬೀಜದಿಂದ ಹೊರಟ ಗಿಡ ಕಾಂಡ ತೋರಿಸುವುದಕ್ಕೇ ಹಲವು ವರ್ಷ ಹಿಡಿಯುತ್ತದೆ. ಆಮೇಲೂ ವರ್ಷಕ್ಕೆ ಕೆಲವೇ ಅಂಗುಲ. ನಿಮ್ಮ ಸೊಂಟದ ಮಟ್ಟದ ಕಾಂಡಕ್ಕೆ ಯಾರೋ ಬಹಳ ಕಾಲ ನೀರು ಹಾಕಿದ್ದಾರೆ. ಇಲ್ಲಿಯ ನರ್ಸರಿಗಳು ಇದನ್ನು ಕಾಂಡದ ಅಡಿ ಲೆಕ್ಕದಲ್ಲಿ ಮಾರುವುದು ಸುಮ್ಮನೆ ಅಲ್ಲ.

ಎಲೆಯ ವಿಷಯಕ್ಕೆ ಬರೋಣ. ಅಗಲ ಒಂದು ಸೆಂಟಿಮೀಟರ್ ಆಸುಪಾಸು, ಉದ್ದ ಅರ್ಧ ಮೀಟರಿನ ಆಸುಪಾಸು, ಬಣ್ಣ ಬೂದಿ ಬೆರೆತ ನೀಲಿ, ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ. ಸಂಜೆ ಬಿಸಿಲಿಗೆ ಅಡ್ಡವಾಗಿ ನಿಂತು ನೋಡಿದರೆ ಆ ಹಳದಿ ಗೆರೆಗಳಷ್ಟೇ ಹೊತ್ತಿಕೊಂಡಂತೆ ಕಾಣುತ್ತವೆ. ತುದಿ ಮೊನಚು ನಿಜ, ಆದರೆ ಎಲೆ ಬಾಗುತ್ತದೆ. ಕತ್ತಾಳೆಯ ಹಾಗೆ ಗಟ್ಟಿಯಾಗಿ ಎದುರು ನಿಲ್ಲುವುದಿಲ್ಲ. ಮಗು ಓಡಾಡುವ ಕಾಲುದಾರಿಯಿಂದ ಐದಡಿ ದೂರ ನೆಡಿ. ತಲೆ ದೊಡ್ಡವರ ಎತ್ತರ ದಾಟುವವರೆಗೆ ಆ ಎಚ್ಚರ ಸಾಕು.

ಬಿಳಿ ಮರಳು (ಲಾಸ್ ಕ್ರೂಸೆಸ್, ನ್ಯೂ ಮೆಕ್ಸಿಕೋ)

ಎಲಾಟಾವನ್ನು ಇಷ್ಟು ಬೇಗ ಮೂಲೆಗೆ ತಳ್ಳಿದ್ದು ನನಗೆ ಒಪ್ಪಿಗೆಯಿಲ್ಲ. ತಪ್ಪು ಅಗೆಯುವವರದು, ಗಿಡದ್ದಲ್ಲ.

ನಮ್ಮಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ವೈಟ್ ಸ್ಯಾಂಡ್ಸ್ ಇದೆ, 2019ರಿಂದ ರಾಷ್ಟ್ರೀಯ ಉದ್ಯಾನ. ಜಿಪ್ಸಮ್ ಮರಳಿನ ಬಿಳಿ ದಿಬ್ಬಗಳು ಗಾಳಿಗೆ ಸರಿಯುತ್ತಲೇ ಇರುತ್ತವೆ. ದಿಬ್ಬ ಬಂದು ಮೇಲೇರಿದಾಗ ಉಳಿದ ಗಿಡಗಳು ಹೂತುಹೋಗುತ್ತವೆ. ಎಲಾಟಾ ಮಾತ್ರ ಕಾಂಡವನ್ನು ಉದ್ದ ಮಾಡುತ್ತ ಮಾಡುತ್ತ ಎಲೆಯ ಗೊಂಚಲನ್ನು ಮರಳಿನ ಮೇಲೆಯೇ ಇಟ್ಟುಕೊಳ್ಳುತ್ತದೆ. ದಿಬ್ಬದ ನೆತ್ತಿಯಲ್ಲಿ ಮೊಣಕಾಲೆತ್ತರದ ಪೊದೆ ಎಂದು ನೀವು ನೋಡುವುದು ಒಂದು ದೊಡ್ಡ ಮರದ ತುದಿ. ಹತ್ತಾರು ಅಡಿ ಕಾಂಡ ನಿಮ್ಮ ಕಾಲ ಕೆಳಗಿರುತ್ತದೆ. ದಿಬ್ಬ ಮುಂದಕ್ಕೆ ಸರಿದ ಮೇಲೆ ಆ ಕಾಂಡಕ್ಕೆ ಆಸರೆ ತಪ್ಪುತ್ತದೆ, ಮರ ಮಗುಚಿ ಬೀಳುತ್ತದೆ. ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಹೀಗೆ ಬಿದ್ದ ಕಾಂಡಗಳನ್ನು ಯಾರು ಬೇಕಾದರೂ ನೋಡಬಹುದು. ಇಂಥ ಗಿಡದ ಬೇರನ್ನು ಎರಡಡಿಗೆ ಕತ್ತರಿಸಿ ಮನೆ ಮುಂದೆ ಊರಿದರೆ ಅದು ಏನು ಮಾಡೀತು?

ಎಲೆಯ ಅಂಚಿನಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವ ಬಿಳಿ ನೂಲುಗಳಿವೆಯಲ್ಲ, ಅವು ರೋಸ್ಟ್ರಾಟಾದಲ್ಲಿ ಸಿಗುವುದಿಲ್ಲ. ಮೇ ತಿಂಗಳ ಹೊತ್ತಿಗೆ ಎಲೆಗಳಿಂದ ಆಳೆತ್ತರ ಮೇಲಕ್ಕೆ ದಂಟು ಎತ್ತಿ ಕೆನೆಬಿಳಿ ಗಂಟೆಗಳನ್ನು ತೂಗುಬಿಡುವುದೂ ಇದೇ. ರೋಸ್ಟ್ರಾಟಾದ ಹೂಗೊಂಚಲು ಚೆಂದವೇ, ಆದರೆ ಎಲೆಗಳ ಮೇಲೇ ಕುಳಿತಂತಿರುತ್ತದೆ. ನ್ಯೂ ಮೆಕ್ಸಿಕೋ 1927ರಲ್ಲಿ ಯಕ್ಕಾ ಹೂವನ್ನು ರಾಜ್ಯದ ಹೂವಾಗಿ ಆರಿಸಿಕೊಂಡಾಗ ಜನರ ಕಣ್ಣ ಮುಂದೆ ಇದ್ದದ್ದು ಇಂಥ ದಂಟುಗಳೇ ಎಂದು ನನ್ನ ವಾದ.

ಬೇಕಿದ್ದರೆ ಐದು ಗ್ಯಾಲನ್ ಕುಂಡದ, ಬೀಜದಿಂದ ಬೆಳೆಸಿದ ಎಲಾಟಾ ಕೊಳ್ಳಿ. ಕಾಂಡವೇ ಇರುವುದಿಲ್ಲ, ಹುಲ್ಲಿನ ಬುಡ್ಡೆಯಷ್ಟೇ ಕಾಣುತ್ತದೆ. ಆದರೆ ಬೇರು ತಾನೇ ಇಳಿದು ತನ್ನ ದಾರಿ ಹುಡುಕಿಕೊಳ್ಳುತ್ತದೆ.

ಟೂಸಾನ್ ಕಳ್ಳಿ

ಬಿಳಿ ಮರಳು ಅವರೇ, ಕುಂಡದ ಗಿಡದ ಬಗ್ಗೆ ನನಗೂ ತಕರಾರಿಲ್ಲ. ತಕರಾರು "ಈ ನೆಲದ್ದೇ ಗಿಡ" ಎಂಬ ಮಾರಾಟದ ಮಾತಿನ ಬಗ್ಗೆ. ಎಲಾಟಾ ಬೆಳೆಯುವುದು ವಿಲ್‌ಕಾಕ್ಸ್, ಸೊನೊಯಿಟಾ ಕಡೆಯ ಹುಲ್ಲುಗಾವಲುಗಳಲ್ಲಿ. ಅದು ಚಾಂಡ್ಲರ್‌ಗಿಂತ ಎಷ್ಟೋ ಎತ್ತರದ, ತಂಪಾದ ಜಾಗ. ಒಂದೇ ರಾಜ್ಯದೊಳಗೆ ಇದ್ದ ಮಾತ್ರಕ್ಕೆ ಒಂದೇ ನೆಲವಾಗುವುದಿಲ್ಲ. ಕೊಡಗಿನ ಗಿಡವನ್ನು ರಾಯಚೂರಿಗೆ ತಂದು ಕರ್ನಾಟಕದ್ದೇ ತಾನೇ ಎಂದರೆ ಹೇಗೆ?

ಬಿಳಿ ಮರಳು

ಅಷ್ಟು ದೂರದ ಹೋಲಿಕೆ ಬೇಡ ಸ್ವಾಮಿ, ಫೀನಿಕ್ಸಿನ ಪಪಾಗೋ ಪಾರ್ಕ್ ಬಳಿಯ ಡೆಸರ್ಟ್ ಬೊಟಾನಿಕಲ್ ಗಾರ್ಡನ್‌ಗೆ ಹೋಗಿ ಎರಡನ್ನೂ ನೋಡಿ ಬರಲಿ. ತಗ್ಗಿನ ಸೆಖೆಯನ್ನು ಎರಡೂ ತಡೆಯುತ್ತವೆ.

ಹೊಸಮನೆ

ಶನಿವಾರ ಹೋಗಿ ಬರುತ್ತೇವೆ. ಅಷ್ಟರಲ್ಲಿ ಗುಂಡಿಯ ವಿಷಯ ಹೇಳಿ. ಹಾರೆ ಒಂದೂವರೆ ಅಡಿಗೆ ಠಣ್ಣೆನ್ನುತ್ತದೆ. ಕೆಳಗೆ ಸಿಮೆಂಟ್ ಹಾಕಿದಂತೆ ಬಿಳಿಯ ಪದರ. ಕಟ್ಟಡದವರು ಬಿಟ್ಟುಹೋದ ಕಾಂಕ್ರೀಟೇ?

ನೀಲಿ ಎಲೆ

ಅಲ್ಲ, ಕಲೀಚಿ. ಸುಣ್ಣ ಗಟ್ಟಿಯಾಗಿ ಕೂತ ಪದರ, ಈ ಕಣಿವೆಯ ಮಣ್ಣಿನಲ್ಲಿ ಎಲ್ಲ ಕಡೆ ಸಿಗುತ್ತದೆ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ ನೆಲದಡಿಯ ಕೊಳವೆ, ತಂತಿಗಳನ್ನು ಗುರುತು ಹಾಕಿಸಿಕೊಂಡಿದ್ದೀರಿ ತಾನೇ?

ರೋಸ್ಟ್ರಾಟಾಕ್ಕೆ ಸುಣ್ಣದ ಭಯವಿಲ್ಲ, ನೀರು ನಿಲ್ಲುವುದರ ಭಯ. ಗುಂಡಿಗೆ ನೀರು ತುಂಬಿ ಬಿಡಿ. ಇಳಿದ ಮೇಲೆ ಮತ್ತೊಮ್ಮೆ ತುಂಬಿ, ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ. ಕೆಲವು ಗಂಟೆಗಳಲ್ಲಿ ಇಳಿದರೆ ಸರಿ. ಮರುದಿನವೂ ನಿಂತಿದ್ದರೆ ಹಾರೆಯಿಂದ ಆ ಪದರವನ್ನು ಒಡೆದು ತೂತು ಮಾಡಬೇಕು, ಅಥವಾ ಗುಂಡಿಯನ್ನೇ ಮರೆತು ಮೇಲೆ ಒಂದೂವರೆ ಅಡಿಯ ದಿಬ್ಬ ಕಟ್ಟಿ ಅದರಲ್ಲಿ ನೆಡಬೇಕು. ದಿಬ್ಬದ ಮೇಲೆ ಈ ಗಿಡದ ಅಂದವೂ ಹೆಚ್ಚು.

ಗುಂಡಿಗೆ ಕಾಂಪೋಸ್ಟ್ ಹಾಕಬೇಡಿ, ಸಗಣಿ ಗೊಬ್ಬರ ಬೇಡವೇ ಬೇಡ. ಊರಿನ ಅಭ್ಯಾಸ ನಮಗೆ ಕೈ ಬಿಡುವುದಿಲ್ಲ ಗೊತ್ತು, ಗಿಡ ನೆಡುವುದೆಂದರೆ ಒಂದು ಬುಟ್ಟಿ ಗೊಬ್ಬರ. ಇಲ್ಲಿ ಅದು ನೀರು ಹಿಡಿದಿಟ್ಟುಕೊಂಡು ಬೇರನ್ನು ಕೊಳೆಸುತ್ತದೆ. ಅಗೆದ ಮಣ್ಣನ್ನೇ ಮರಳಿ ತುಂಬಿ. ಪೆಟ್ಟಿಗೆಯಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೇ, ಒಂದೆರಡು ಅಂಗುಲ ಮೇಲಿದ್ದರೂ ಒಳ್ಳೆಯದು. ಗಟ್ಟಿಯಾಗಿ ನಿಲ್ಲಲಿ ಎಂದು ಕಾಂಡವನ್ನು ಆಳಕ್ಕೆ ಹೂಳುವವರಿದ್ದಾರೆ. ಹೂತ ಕಾಂಡ ಕೊಳೆಯುತ್ತದೆ.

ಪೆಟ್ಟಿಗೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ್ದ ಬದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ನೆಡುವಾಗ ಅದೇ ಬದಿ ದಕ್ಷಿಣಕ್ಕೆ ಬರಲಿ. ಇಲ್ಲದಿದ್ದರೆ ಬಿಸಿಲು ಕಾಣದ ಬದಿ ಜೂನ್‌ನಲ್ಲಿ ಸುಡುತ್ತದೆ.

ಹಿತ್ತಲ ಬಾಗಿಲು (ಆಸ್ಟಿನ್, ಟೆಕ್ಸಾಸ್)

ಚಳಿಯ ಮಾತು ಯಾರೂ ಎತ್ತಲಿಲ್ಲ, ಚಾಂಡ್ಲರ್‌ಗೆ ಅದು ಬೇಕಾಗಿಯೂ ಇಲ್ಲ. ಆದರೂ ನಮ್ಮ ಕಡೆ ಓದುತ್ತಿರುವವರಿಗಾಗಿ: 2021ರ ಫೆಬ್ರವರಿಯಲ್ಲಿ ಆಸ್ಟಿನ್ ಹೆಪ್ಪುಗಟ್ಟಿದಾಗ, ವಿದ್ಯುತ್ತೂ ಇಲ್ಲದೆ ಮನೆಯೊಳಗೇ ನಾವು ನಡುಗುತ್ತಿದ್ದಾಗ, ಅಂಗಳದ ರೋಸ್ಟ್ರಾಟಾ ತಲೆತುಂಬ ಹಿಮ ಹೊತ್ತು ನಿಂತಿತ್ತು. ಹಿಮ ಕರಗಿದ ಮೇಲೆ ಒಂದು ಎಲೆಯೂ ಕೆಟ್ಟಿರಲಿಲ್ಲ. ಅದೇ ಅಂಗಳದ ದೊಡ್ಡ ನೀಲಿ ಕತ್ತಾಳೆ ಬೆಂದ ಬದನೆಯಾಯಿತು. ನೆರೆಯವರ ಯಕ್ಕಾ ಜೈಗಾಂಟಿಯಾ, ಬೆಂಗಳೂರಿನ ಮನೆಗಳ ಮುಂದೆ ಕಾಣುವ ಮುಳ್ಳಿಲ್ಲದ ಜಾತಿ, ನೆಲಮಟ್ಟಕ್ಕೆ ಕುಸಿಯಿತು. ಒಣ ಮಣ್ಣಿನಲ್ಲಿದ್ದರೆ ರೋಸ್ಟ್ರಾಟಾ ಮೈನಸ್ 20 ಸೆಲ್ಸಿಯಸ್‌ವರೆಗೂ ತಡೆಯುತ್ತದೆ. ನಮ್ಮಲ್ಲಿ ಅದಕ್ಕೆ ಶತ್ರು ಚಳಿಯಲ್ಲ, ಕಪ್ಪು ಜೇಡಿಮಣ್ಣು.

ಪಾಮ್‌ಡೇಲ್ ಪಥಿಕ (ಪಾಮ್‌ಡೇಲ್, ಕ್ಯಾಲಿಫೋರ್ನಿಯಾ)

ಮರ ಯಕ್ಕಾ ಎಂದರೆ ಜೋಶುವಾ ಮರವಲ್ಲವೇ ರಾಜ? ನಮ್ಮ ಮನೆಯ ಹಿಂದಿನ ಖಾಲಿ ನಿವೇಶನದಲ್ಲೇ ನಾಲ್ಕಾರು ಇವೆ. ಒಂದು ಸಣ್ಣದನ್ನು ಬೇಲಿಯೊಳಗೆ ತಂದುಕೊಳ್ಳಬಹುದೇ ಎಂದು ಆಸೆ.

ಟೂಸಾನ್ ಕಳ್ಳಿ

ಮುಟ್ಟಬೇಡಿ. 2023ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಪಶ್ಚಿಮದ ಜೋಶುವಾ ಮರಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದೆ. ಅನುಮತಿಯಿಲ್ಲದೆ ಕೀಳುವುದು, ಕಡಿಯುವುದು, ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದು ಯಾವುದೂ ಸಲ್ಲದು. ನಿಮ್ಮ ಸ್ವಂತ ನಿವೇಶನದಲ್ಲೇ ಹುಟ್ಟಿದ್ದರೂ ಅದನ್ನು ತೆಗೆಯಲು ಅನುಮತಿ ಬೇಕು.

ಕಾರಣವೂ ಇದೆ. 2020ರ ಆಗಸ್ಟ್‌ನ ಡೋಮ್ ಎಂಬ ಕಾಳ್ಗಿಚ್ಚೊಂದರಲ್ಲೇ ಮೊಹಾವಿ ಸಂರಕ್ಷಿತ ಪ್ರದೇಶದ ಹತ್ತು ಲಕ್ಷಕ್ಕೂ ಹೆಚ್ಚು ಜೋಶುವಾ ಮರಗಳು (ಅವು ಪೂರ್ವದ ಜಾತಿಯವು) ಸುಟ್ಟುಹೋದವೆಂದು ಅಂದಾಜು. ವರ್ಷಕ್ಕೆ ಎರಡು ಮೂರು ಅಂಗುಲ ಬೆಳೆಯುವ ಮರ. ಉಂಗುರಗಳೇ ಇಲ್ಲದ ಕಾರಣ ಕಡಿದು ನೋಡಿದರೂ ವಯಸ್ಸು ತಿಳಿಯದು. ಎತ್ತರ ನೋಡಿ ಊಹಿಸಬೇಕು.

ಇನ್ನು ಚಾಂಡ್ಲರ್, ಫೀನಿಕ್ಸಿನವರು ಇದರ ಆಸೆ ಬಿಡುವುದೇ ಲೇಸು. ಅದಕ್ಕೆ ಎತ್ತರದ ನೆಲ ಬೇಕು, ಚಳಿಗಾಲದ ಕೊರೆತ ಬೇಕು. 31 ದಿನ ಸತತವಾಗಿ 110 ಫ್ಯಾರನ್‌ಹೀಟ್ ಮುಟ್ಟಿದ 2023ರಂಥ ಬೇಸಗೆಯಲ್ಲಿ ರಾತ್ರಿಯೂ ತಂಪಾಗದೆ ಸಗ್ವಾರೊಗಳೇ ಸೋತವು. ನಿಮ್ಮ ಪಾಮ್‌ಡೇಲ್‌ನಲ್ಲಿ ಬೇಲಿಯಾಚೆ ಇದೆ, ಕಿಟಕಿಯಿಂದ ಕಾಣುತ್ತದೆ. ಇನ್ನೇನು ಬೇಕು?

ಪಾಮ್‌ಡೇಲ್ ಪಥಿಕ

ಗದರಿದ್ದು ಸಾಕು, ಬೇಲಿ ದಾಟುವುದಿಲ್ಲ.

ಜಯನಗರ ಕುಂಡ (ಬೆಂಗಳೂರು)

ನೀವೆಲ್ಲ ಅಮೆರಿಕದಲ್ಲಿ ಕೂತು ಮಾತಾಡುತ್ತಿದ್ದೀರಿ, ನಡುವೆ ನನ್ನದೊಂದು ಪ್ರಶ್ನೆ. ಬೆಂಗಳೂರಿನ ಚಾವಣಿಯ ಮೇಲೆ ದೊಡ್ಡ ಕುಂಡದಲ್ಲಿ ರೋಸ್ಟ್ರಾಟಾ ಬೆಳೆಯುತ್ತದೆಯೇ? ಅಣ್ಣ ಡಿಸೆಂಬರ್‌ನಲ್ಲಿ ಡಲ್ಲಾಸ್‌ನಿಂದ ಬರುತ್ತಾನೆ, ಸೂಟ್‌ಕೇಸಿನಲ್ಲಿ ಒಂದು ಹಿಡಿ ಬೀಜ ತರಿಸಿಕೊಳ್ಳೋಣವೆಂದು.

ಹಿತ್ತಲ ಬಾಗಿಲು

ಸೂಟ್‌ಕೇಸಿನ ಯೋಚನೆ ಬಿಡಿ. ಬೀಜವಾಗಲಿ ಗಿಡವಾಗಲಿ ಭಾರತಕ್ಕೆ ತರುವುದಕ್ಕೆ 2003ರ ಸಸ್ಯ ಸಂಪರ್ಕತಡೆ ಆದೇಶ ಅನ್ವಯಿಸುತ್ತದೆ; ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕು. ಕಾಗದಪತ್ರ ಇಟ್ಟುಕೊಂಡು ತರಿಸುವ ಭಾರತದ ನರ್ಸರಿಗಳಿಂದ ಕೊಳ್ಳುವುದೇ ದಾರಿ.

ಬೆಳೆಯುತ್ತದೆಯೇ ಎಂದರೆ, ಬಿಸಿಲಿನ ಚಿಂತೆ ಇಲ್ಲ, ಮಳೆಯ ಚಿಂತೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬೀಳುತ್ತದೆ, ಫೀನಿಕ್ಸಿಗೆ 200 ಕೂಡ ಇಲ್ಲ. ಅದಕ್ಕಿಂತಲೂ ಕಷ್ಟವೆಂದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮೋಡ. ಬಿಗ್ ಬೆಂಡ್‌ನಲ್ಲೂ ಬೇಸಗೆಯಲ್ಲೇ ಮಳೆ, ಆದರೆ ಸುರಿದು ಒಂದು ಗಂಟೆಗೆ ಮತ್ತೆ ಬಿಸಿಲು, ಬಂಡೆಯ ಇಳಿಜಾರು. ನಿಮ್ಮಲ್ಲಿ ವಾರಗಟ್ಟಲೆ ಮಣ್ಣು ಹಸಿಯಾಗಿಯೇ ಇರುತ್ತದೆ. ಮಣ್ಣಿನ ಕುಂಡ, ಮೂರರಲ್ಲಿ ಎರಡು ಪಾಲು ಸಣ್ಣ ಜಲ್ಲಿ ಮತ್ತು ದಪ್ಪ ಮರಳು, ಮಳೆ ನೇರ ಬೀಳದ ಸೂರಿನ ಅಂಚು. ಹೀಗಿಟ್ಟರೆ ಪ್ರಯತ್ನಿಸಬಹುದು. ಕೋಕೋಪೀಟ್ ಬೆರೆಸಿ ಕೊಡುವ ಗಿಡ ಸಿಕ್ಕರೆ ಮನೆಗೆ ತಂದ ಮೊದಲ ವಾರವೇ ಆ ಮಣ್ಣನ್ನು ಉದುರಿಸಿ ಬದಲಿಸಿ.

ಬಯಲುಸೀಮೆ (ಚಳ್ಳಕೆರೆ)

ಜಯನಗರದವರು ಕಷ್ಟಪಡುವುದು ಬೇಡ, ಗಿಡವನ್ನು ನಮ್ಮ ಕಡೆ ಕಳುಹಿಸಿ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಬಿಸಿಲು, ಗಾಳಿ, ಕಲ್ಲು ನೆಲಕ್ಕೆ ಇದು ಹೇಳಿ ಮಾಡಿಸಿದ್ದು. ನಮ್ಮ ತೋಟದ ಬೇಲಿಗೆ ಕತ್ತಾಳೆ ಯಾವ ಆರೈಕೆಯೂ ಇಲ್ಲದೆ ನಿಂತಿದೆ, ಅದರ ನಂಟನೇ ತಾನೇ ಇದು? ಒಂದು ಸಂದೇಹ: ಕತ್ತಾಳೆ ಹೂಬಿಟ್ಟ ಮೇಲೆ ಸಾಯುತ್ತದೆ. ಇಷ್ಟು ದುಡ್ಡು ಕೊಟ್ಟ ಯಕ್ಕಾವೂ ಹಾಗೆಯೇ ಹೋಗಿಬಿಟ್ಟರೆ?

ಬಿಳಿ ಮರಳು

ಸಾಯುವುದಿಲ್ಲ. ಕತ್ತಾಳೆ, ಯಕ್ಕಾ ಎರಡೂ ಶತಾವರಿಯ ಕುಟುಂಬಕ್ಕೆ ಸೇರಿದವು, ಅದರೊಳಗೂ ಒಂದೇ ಉಪಕುಟುಂಬ. ಆದರೆ ಮರ ಯಕ್ಕಾ ಹೂಬಿಟ್ಟ ಮೇಲೆ ಆ ತುದಿಯ ಬೆಳವಣಿಗೆ ನಿಂತು, ಪಕ್ಕದಲ್ಲಿ ಹೊಸ ಮೊಗ್ಗು ಒಡೆಯುತ್ತದೆ. ಒಮ್ಮೊಮ್ಮೆ ಎರಡು ಒಡೆದು ಕವಲಾಗುತ್ತದೆ. ಹೂ ಎಷ್ಟು ಸಲ ಬಂತೋ ಕವಲು ಅಷ್ಟು ಹೆಚ್ಚು.

ಹೂವಿನ ಮಾತು ಬಂತು, ಪತಂಗದ ಕಥೆ ಹೇಳದೆ ಮುಂದೆ ಹೋಗಲಾರೆ. ಯಕ್ಕಾದ ಪರಾಗ ಅಂಟು ಅಂಟು; ಗಾಳಿಗೆ ಹಾರುವುದಿಲ್ಲ, ಜೇನುನೊಣಕ್ಕೆ ಅದನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವ ಗರಜೂ ಇಲ್ಲ. ಮುಟ್ಟಿಸುವುದು ತೆಜೆಟಿಕ್ಯುಲಾ ಎಂಬ ಕುಲದ, ಉಗುರಿನುದ್ದದ ಬಿಳಿ ಪತಂಗ. ಕತ್ತಲಾದ ಮೇಲೆ ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಹೂವಿನೊಳಗೆ ಇಣುಕಿ. ಹೆಣ್ಣು ಪತಂಗ ಕೇಸರದ ಮೇಲೆ ಹತ್ತಿ, ಬಾಯಿಯ ಬಳಿ ಅದಕ್ಕೆಂದೇ ಇರುವ ಸುರುಳಿ ಅಂಗಗಳಿಂದ ಪರಾಗವನ್ನು ಕೆರೆದು ಉಂಡೆ ಕಟ್ಟಿ ಗಲ್ಲದ ಕೆಳಗೆ ಒತ್ತಿಕೊಳ್ಳುತ್ತದೆ. ಬೇರೆ ಹೂವಿಗೆ ಹಾರಿ, ಅಂಡಾಶಯದ ಗೋಡೆ ಚುಚ್ಚಿ ಮೊಟ್ಟೆಯಿಡುತ್ತದೆ. ಇಟ್ಟ ಮೇಲೆ ಸುಮ್ಮನೆ ಹೋಗುವುದಿಲ್ಲ. ಶಲಾಕೆಯ ತುದಿಗೆ ಏರಿ, ಅಲ್ಲಿಯ ಕುಳಿಯೊಳಗೆ ಉಂಡೆಯಿಂದ ಒಂದಿಷ್ಟು ಪರಾಗ ತೆಗೆದು ತಲೆಯಾಡಿಸುತ್ತ ತುರುಕುತ್ತದೆ. ಕಾಯಿ ಕಟ್ಟಿದರೆ ತಾನೇ ಮರಿಗಳಿಗೆ ಊಟ? ಮರಿಗಳು ಕೆಲವು ಬೀಜ ತಿನ್ನುತ್ತವೆ, ಉಳಿದದ್ದು ಗಿಡಕ್ಕೆ. ಸೇಂಟ್ ಲೂಯಿಸ್‌ನ ಎಂಗೆಲ್‌ಮನ್ ಮತ್ತು ಮಿಸೂರಿಯ ಕೀಟತಜ್ಞ ರೈಲಿ ಇದನ್ನು 1870ರ ದಶಕದ ಆರಂಭದಲ್ಲಿ ಬಿಡಿಸಿ ಹೇಳಿದಾಗ ಡಾರ್ವಿನ್ ಕೂಡ 1874ರಲ್ಲಿ ಗೆಳೆಯ ಹೂಕರ್‌ಗೆ ಬರೆದ ಕಾಗದದಲ್ಲಿ ಬೆರಗುಪಟ್ಟಿದ್ದಾನೆ.

ಹಾಗಾಗಿ ಭಾರತದಲ್ಲಿ ರೋಸ್ಟ್ರಾಟಾ ಹೂಬಿಟ್ಟರೂ ತಾನಾಗಿ ಕಾಯಿ ಕಟ್ಟೀತೆಂದು ಕಾಯಬೇಡಿ, ಆ ಪತಂಗ ಅಲ್ಲಿಲ್ಲ. ಬೀಜದಿಂದ ಬಂದ ಎರಡು ಬೇರೆ ಬೇರೆ ಗಿಡಗಳು ಒಟ್ಟಿಗೆ ಅರಳಿದ್ದರೆ ಕುಂಚದಿಂದ ಆ ಪತಂಗದ ಕೆಲಸವನ್ನು ನೀವು ಮಾಡಬಹುದು. ಇಲ್ಲಿಯವರು ಒಣಗಿದ ಕಾಯಿ ಸಿಕ್ಕರೆ ತಿರುಗಿಸಿ ನೋಡಿ: ಹೊರಗೆ ಸೂಜಿ ಚುಚ್ಚಿದಂಥ ತೂತು ಇದ್ದರೆ ಮರಿಹುಳು ಹೊರಬಿದ್ದ ಬಾಗಿಲು. ಒಳಗೆ ಕಪ್ಪು ಬಿಲ್ಲೆಗಳಂತೆ ಜೋಡಿಸಿದ ಬೀಜಗಳ ಸಾಲಿನಲ್ಲಿ ಅದು ಕೊರೆದ ದಾರಿ ನೇರವಾಗಿ ಕಾಣುತ್ತದೆ.

ಜಯನಗರ ಕುಂಡ

ಇದರ ಬೇರಿನಿಂದ ಸೋಪು ಮಾಡುತ್ತಿದ್ದರೆಂದು ಎಲ್ಲೋ ಓದಿದ್ದೆ, ನಿಜವೇ?

ಬಿಳಿ ಮರಳು

ನಿಜ, ಎಲಾಟಾದ ಬೇರು. ಅದರಲ್ಲಿ ಸಪೋನಿನ್ ಇದೆ, ನಮ್ಮ ಅಂಟುವಾಳ, ಸೀಗೆಯಲ್ಲಿರುವ ಬಗೆಯದೇ ನೊರೆಯ ಗುಣ. ಇಲ್ಲಿಯ ಮೂಲನಿವಾಸಿಗಳು ಬೇರು ಜಜ್ಜಿ ತಲೆ ತೊಳೆಯುತ್ತಿದ್ದರು, ಎಲೆಯ ನಾರಿನಿಂದ ಬುಟ್ಟಿ ಹೆಣೆಯುತ್ತಿದ್ದರು. ಆದರೆ ಬೇರಿಗಾಗಿ ಅಂಗಳದ ಗಿಡ ಅಗೆಯಬೇಡಿ!

ಟೂಸಾನ್ ಕಳ್ಳಿ

ಕಥೆ ಸಾಕು, ಹುಳುವಿನ ವಿಷಯಕ್ಕೆ ಬನ್ನಿ. ಈ ಚರ್ಚೆಯಲ್ಲಿ ಯಾರೂ ಅದನ್ನು ಹೇಳಿಲ್ಲ, ಹೊಸಮನೆಯವರು ಗಿಡ ಕೊಂಡ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಕತ್ತಾಳೆಯ ಮೂತಿಹುಳು ಯಕ್ಕಾಕ್ಕೂ ಬರುತ್ತದೆ. ಕಪ್ಪು, ಒಂದೂವರೆ ಸೆಂಟಿಮೀಟರ್ ಉದ್ದ, ಬಾಗಿದ ಮೂತಿ. ತೆಂಗಿನ ಕೆಂಪು ಮೂತಿಹುಳ ಕಂಡವರಿಗೆ ಇದರ ವರಸೆ ಹೇಳಬೇಕಾಗಿಲ್ಲ: ಬುಡ ಕೊರೆದು ಮೊಟ್ಟೆ, ಒಳಗೆ ಮರಿ, ಹಿಂದೆಯೇ ಕೊಳೆ. ಹೊರಗೆ ಎಲೆ ಇನ್ನೂ ಹಸಿರಾಗಿಯೇ ಇರುವಾಗ ಒಳಗೆ ಎಲ್ಲ ಮುಗಿದಿರುತ್ತದೆ. ತಿಂಗಳಿಗೊಮ್ಮೆ ಸುಳಿಯ ಎಲೆಯನ್ನು ಹಿಡಿದು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿದ್ದರೆ ಕ್ಷೇಮ. ಕೈಗೆ ಬಂದು, ಬುಡ ಕಂದಾಗಿ, ಹುಳಿ ನಾತ ಹೊಡೆದರೆ ಗಿಡವನ್ನು ಅಂದೇ ತೆಗೆದು ಚೀಲದಲ್ಲಿ ಕಟ್ಟಿ ಹೊರಹಾಕಿ. ನಿಮ್ಮದು ಹೋದರೂ ಪಕ್ಕದ ಮನೆಯದು ಉಳಿಯಲಿ. ಬೇಸಗೆಗೆ ಮೊದಲು ಬುಡಕ್ಕೆ ಅಂತರ್ವ್ಯಾಪಿ, ಅಂದರೆ ಗಿಡದ ಮೈಯೊಳಗೆಲ್ಲ ಹರಡುವ, ಕೀಟನಾಶಕ ಹಾಕುವವರಿದ್ದಾರೆ. ಹೂಬಿಡುವ ಗಿಡಕ್ಕೆ ಹಾಕಬೇಡಿ ಎಂಬುದು ನನ್ನ ಮಾತು, ಮೇಲೆ ಅಷ್ಟು ವರ್ಣಿಸಿದ ಪತಂಗವೂ ಅದೇ ಹೂವಿಗೆ ಬರುತ್ತದಲ್ಲ. ಹತ್ತಿರದಲ್ಲಿ ಸೊರಗಿದ ಹಳೆಯ ಕತ್ತಾಳೆ ಇದ್ದರೆ ಮೊದಲು ಅದನ್ನು ತೆಗೆಸಿ, ಹುಳು ಬರುವುದೇ ಅಲ್ಲಿಂದ.

ಹೊಸಮನೆ

ಶನಿವಾರ ಉದ್ಯಾನಕ್ಕೆ ಹೋಗಿಬಂದೆವು. ಮನೆಯವರು ರೋಸ್ಟ್ರಾಟಾದ ಮುಂದೆ ನಿಂತವರು ಕದಲಲಿಲ್ಲ, ಅಲ್ಲಿಗೆ ತೀರ್ಮಾನವಾಯಿತು. ಪೆಟ್ಟಿಗೆಯ ಗಿಡಕ್ಕೆ ಮುಂಗಡ ಕೊಟ್ಟಿದ್ದೇವೆ. ಗುಂಡಿಯ ನೀರು ಮರುದಿನವೂ ನಿಂತಿದ್ದರಿಂದ ದಿಬ್ಬವೇ ಗತಿ. ಉಳಿದ ಪ್ರಶ್ನೆ ಎರಡು. ಒಂದು, ನೀರು ಎಷ್ಟು? ಎರಡು, ಉದ್ಯಾನದಲ್ಲಿ ಕಾಂಡದ ಸುತ್ತ ಒಣ ಎಲೆಗಳು ಲಂಗದಂತೆ ಇಳಿಬಿದ್ದಿದ್ದವು. ನರ್ಸರಿಯವರು ಬೋಳಿಸಿಕೊಡುತ್ತೇವೆ ಎನ್ನುತ್ತಿದ್ದಾರೆ, ಹೆಚ್ಚುವರಿ ಶುಲ್ಕಕ್ಕೆ.

ನೀಲಿ ಎಲೆ

ಏಪ್ರಿಲ್ ಮುಗಿಯುವುದರೊಳಗೆ ನೆಡಿ, ಬೆಚ್ಚಗಿನ ಮಣ್ಣಿನಲ್ಲೇ ಇದು ಬೇರು ಬಿಡುವುದು. ಮೊದಲ ಬೇಸಗೆ ವಾರಕ್ಕೊಮ್ಮೆ, ಬುಡದಿಂದ ಒಂದಡಿ ಆಚೆಗೆ, ಆಳಕ್ಕೆ ಇಳಿಯುವಂತೆ. ನಡುವೆ ಮಣ್ಣು ಒಣಗಲೇಬೇಕು. ಮುಂದಿನ ವರ್ಷದಿಂದ ಬೇಸಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾಕು, ಚಳಿಗಾಲದಲ್ಲಿ ಬೇಕೇ ಇಲ್ಲ. ಉಳಿದ ಗಿಡಗಳ ಹನಿ ನೀರಾವರಿಗೆ ಇದನ್ನು ಜೋಡಿಸಬೇಡಿ. ಬೌಗನ್‌ವಿಲ್ಲಾಕ್ಕೆ ಹಿಡಿಸುವ ನೀರು ಇದಕ್ಕೆ ವಿಷ. ಮಳೆಗಾಲದ ಬಿರುಗಾಳಿ ಜುಲೈನಲ್ಲಿ ಬರುತ್ತದೆ, ಅಷ್ಟರೊಳಗೆ ಮೂರು ಕಡೆಯಿಂದ ಹಗ್ಗದ ಆಸರೆ ಕಟ್ಟಿ. ಕಾಂಡಕ್ಕೆ ಮೊಳೆ ಹೊಡೆಯುವವರ ಕೈಗೆ ಗಿಡ ಕೊಡಬೇಡಿ.

ಲಂಗ ನಿಮ್ಮ ಇಷ್ಟ. ಬೋಳಿಸಿದರೆ ಕಾಂಡದ ಮೇಲಿನ ಹೆಣಿಗೆ ಕಾಣುತ್ತದೆ, ಆದರೆ ಪಶ್ಚಿಮದ ಬಿಸಿಲಿಗೆ ಕಾಂಡ ನೇರ ಒಡ್ಡಿಕೊಳ್ಳುತ್ತದೆ. ನಾನಾದರೆ ಬಿಡುತ್ತೇನೆ.

ಟೂಸಾನ್ ಕಳ್ಳಿ

ಗೋಡೆಗೆ ಹತ್ತಿರವಿದ್ದರೆ ಬೋಳಿಸಿ. ಒಣ ಲಂಗ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ, ಜುಲೈ ನಾಲ್ಕರ ಪಟಾಕಿ ಎಲ್ಲಿ ಬೀಳುತ್ತದೋ ಹೇಳಲಾಗದು. ಅಂಗಳದ ನಡುವೆ ಇದ್ದರೆ ಬಿಡಿ. ಸ್ಕಾಟ್ಸ್ ಓರಿಯೋಲ್ ಎಂಬ ಹಳದಿ ಹಕ್ಕಿ ಯಕ್ಕಾದ ನಾರು ಸಿಗಿದು, ಯಕ್ಕಾದ ಎಲೆಗಳಡಿಯೇ ಗೂಡು ತೂಗುಹಾಕುತ್ತದೆ. ಚಾಂಡ್ಲರ್‌ವರೆಗೆ ಇಳಿದು ಬಂದೀತೋ ಇಲ್ಲವೋ, ಆದರೆ ಲಂಗ ಬೋಳಿಸಲು ದುಡ್ಡು ಕೊಡುವುದಕ್ಕಿಂತ ಅದೇ ದುಡ್ಡಿಗೆ ಬಿಳಿ ಮರಳು ಹೇಳಿದ ಐದು ಗ್ಯಾಲನ್ ಎಲಾಟಾ ಬರುತ್ತದೆ, ಹಿತ್ತಲಿಗೆ.

ಬಿಳಿ ಮರಳು

ಕಡೆಗೂ ಒಪ್ಪಿದಿರಿ! ಹೊಸಮನೆಯವರೇ, ಹಿತ್ತಲಲ್ಲಿ ನೆಡುವುದಾದರೆ ಮೇಲೆ ವಿದ್ಯುತ್ ತಂತಿ ಹಾದುಹೋಗಿಲ್ಲ ತಾನೇ ನೋಡಿಕೊಳ್ಳಿ. ಕಲೀಚಿ ಇಲ್ಲದ ಜಾಗವಿದ್ದರೆ ಅದನ್ನು ಎಲಾಟಾಕ್ಕೇ ಕೊಡಿ, ಅದಕ್ಕೆ ದಿಬ್ಬ ನಡೆಯದು. ಬೇರು ಕೆಳಗೆ ಹೋಗಬೇಕು.

ಹೊಸಮನೆ

ಹಿತ್ತಲಲ್ಲಿ ಮೂರಡಿ ಅಗೆದರೂ ಹಾರೆಗೆ ಏನೂ ತಗಲಲಿಲ್ಲ, ತಂತಿಯೂ ಇಲ್ಲ. ಎರಡನ್ನೂ ತರುತ್ತೇವೆ. ಮುಂದಿನದು ಪಕ್ಕದ ಮನೆಯ ಸೊರಗಿದ ಕತ್ತಾಳೆ ತೆಗೆಸುವ ಮಾತು, ಅದನ್ನು ಅವರ ಬಳಿ ಯಾರು ಹೇಳುವುದೆಂದು ಮನೆಯಲ್ಲಿ ಇನ್ನೂ ಚರ್ಚೆ ನಡೆದಿದೆ.